1960ರ ಫೈಬರ್‌ಗ್ಲಾಸ್ ಸೈಕಲ್: ಜೋಡಣೆ ಬಿಟ್ಟಿದೆ, ಒಳಗೆ ತುಕ್ಕಿದೆ. ಎಲ್ಲಿಂದ ಶುರು ಮಾಡಲಿ?

ಹಳೇಪೆಡಲ್:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ. ಇಲ್ಲಿ ಹಳೇ ಮನೆ ಸಾಮಾನು ಮಾರುವಲ್ಲಿ ಒಂದು ಬೌಡನ್ ಸ್ಪೇಸ್‌ಲ್ಯಾಂಡರ್ ಸಿಕ್ಕಿದೆ. ನೋಡದವರಿಗೆ ಎರಡು ಮಾತು: ಇದಕ್ಕೆ ಕೊಳವೆಯ ಫ್ರೇಮೇ ಇಲ್ಲ. ಎರಡು ಫೈಬರ್‌ಗ್ಲಾಸ್ (ಗಾಜಿನ ಎಳೆಗೆ ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಸೇರಿಸಿದ್ದು) ಚಿಪ್ಪುಗಳನ್ನು ಉದ್ದಕ್ಕೆ ಸೇರಿಸಿ ಅಂಟಿಸಿದ ಟೊಳ್ಳು ಮೈ, ನಡುವೆ ದೊಡ್ಡ ಕಿಂಡಿ, ಮುಂದೆ ಜೋಡಿ ಹೆಡ್‌ಲೈಟು, ಹಿಂದೆ ಜೋಡಿ ಕೆಂಪು ದೀಪ.

ಸ್ಥಿತಿ ಹೀಗಿದೆ. ಪೆಡಲ್ ಆಕ್ಸಲ್ ಕೂರುವ ಜಾಗದ ಹಿಂದೆ, ಅಡಿಭಾಗದಲ್ಲಿ ಜೋಡಣೆ ಸುಮಾರು 20 ಸೆಂ.ಮೀ. ಬಿಟ್ಟುಕೊಂಡಿದೆ, ಉಗುರು ಒಳಗೆ ಹೋಗುತ್ತದೆ. ಹ್ಯಾಂಡಲ್ ಕುತ್ತಿಗೆಯ ಸುತ್ತ ಕೂದಲೆಳೆಯಂಥ ಬಿರುಕುಗಳಿವೆ. ಹಿಂದಿನ ಚಕ್ರ ಕೂರುವಲ್ಲಿ ತುಕ್ಕಿನ ನೀರು ಇಳಿದ ಕಲೆ ಇದೆ. ಮೇಲೆ ಯಾರೋ ಕೆಂಪು ಬಣ್ಣವನ್ನು ದಪ್ಪಗೆ ಬಳಿದಿದ್ದಾರೆ, ಅಡಿಯಲ್ಲಿ ಇನ್ನೊಂದು ಬಣ್ಣ ಇಣುಕುತ್ತಿದೆ. ಹಿಂದಿನ ಒಂದು ದೀಪದ ಕೆಂಪು ಮುಚ್ಚಳ ಕಾಣೆ.

ಕೇಳಬೇಕಾದದ್ದು: ಇದು ಅಸಲಿಯೋ, ಆಮೇಲೆ ಬಂದ ನಕಲೋ? ದುರಸ್ತಿಗೆ ಪಾಲಿಯೆಸ್ಟರ್ ರೆಸಿನ್ ಬಳಸಲೋ ಎಪಾಕ್ಸಿ ರೆಸಿನ್ನೋ? ಬಣ್ಣ ಪೂರ್ತಿ ತೆಗೆಯಬಹುದಾ? ಕೊನೆಗೆ ಇದನ್ನು ಓಡಿಸಬಹುದಾ?

---

ಕಡ್ಡಿಬಿಗಿ:

ಒಳ್ಳೇ ಬೇಟೆ ಸರ್! ಅದು ಹುಟ್ಟಿದ ಊರು ಗ್ರ್ಯಾಂಡ್ ಹೇವನ್ ನಿಮ್ಮಲ್ಲಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ.

ಮೊದಲು ಹಿನ್ನೆಲೆ ಸ್ವಲ್ಪ, ಅಸಲಿ ನಕಲಿ ಪ್ರಶ್ನೆಗೆ ಅದು ಬೇಕಾಗುತ್ತದೆ. ಬೆಂಜಮಿನ್ ಬೌಡನ್ ಇಂಗ್ಲೆಂಡಿನ ವಿನ್ಯಾಸಕಾರ. 1946ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ನಡೆದ 'ಬ್ರಿಟನ್ ಕ್ಯಾನ್ ಮೇಕ್ ಇಟ್' ಪ್ರದರ್ಶನದಲ್ಲಿ ಈ ಆಕಾರದ ಮೊದಲ ಸೈಕಲ್ ಇಟ್ಟಿದ್ದು. ಅದು ಲೋಹದ್ದು, ಚೈನ್ ಬದಲು ಶಾಫ್ಟ್, ಚಕ್ರದ ಹಬ್ಬಿನಲ್ಲಿ ಡೈನಮೊ. ಅದು ತಯಾರಿಕೆಗೆ ಬರಲೇ ಇಲ್ಲ. ಅಮೆರಿಕಕ್ಕೆ ಹೋದಮೇಲೆ ಅದೇ ಆಕಾರವನ್ನು ಫೈಬರ್‌ಗ್ಲಾಸಿಗೆ ಇಳಿಸಿ, ಡೈನಮೊ ಬಿಟ್ಟು, ಶಾಫ್ಟ್ ತೆಗೆದು ಮಾಮೂಲಿ ಚೈನ್ ಹಾಕಿ 1960ರಲ್ಲಿ ಬೊಮಾರ್ಡ್ ಇಂಡಸ್ಟ್ರೀಸ್ ಹೆಸರಿನಲ್ಲಿ ಹೊರಗೆ ಬಿಟ್ಟರು. ಬೆಲೆ 89.50 ಡಾಲರ್, ಆ ಕಾಲಕ್ಕೆ ದುಬಾರಿ. ಬಣ್ಣ ಐದು: ಕಪ್ಪು, ಬಿಳಿ, ಹಸಿರು, ನೀಲಿ, ಕೆಂಪು. ರವಾನೆಯಾದದ್ದು 522 ಮಾತ್ರ. ಬ್ರೂಕ್ಲಿನ್ ಮ್ಯೂಸಿಯಂ ಸಂಗ್ರಹದಲ್ಲಿ ಒಂದಿದೆ.

ಗಮನಿಸಬೇಕಾದ್ದು ಇಲ್ಲಿದೆ. ರವಾನೆಯಾದ 522ಕ್ಕಿಂತ ಹೆಚ್ಚು ಸೆಟ್ ಬಿಡಿಭಾಗಗಳು ತಯಾರಾಗಿದ್ದವು. 1980ರ ದಶಕದಲ್ಲಿ ಹೆಸರಿನ ಹಕ್ಕು ಕೊಂಡವರು ಮರುತಯಾರಿಕೆಯನ್ನೂ ಶುರು ಮಾಡಿದರು. ಹಾಗಾಗಿ 1960ರ ಚಿಪ್ಪಿಗೆ ಆಮೇಲಿನ ಚಕ್ರ ಹಾಕಿದ್ದು, ಆಮೇಲಿನ ಚಿಪ್ಪಿಗೆ ಹಳೇ ಹಬ್ ಹಾಕಿದ್ದು, ಎರಡೂ ಸಾಧ್ಯ. ಚಕ್ರ, ಸೀಟು, ಪೆಡಲ್ ನೋಡಿ ತೀರ್ಮಾನ ಮಾಡಬೇಡಿ. ಬಿಚ್ಚಿ ಬದಲಾಯಿಸಲಾಗದ ಭಾಗಗಳನ್ನೇ ನೋಡಿ, ಅಂದರೆ ಚಿಪ್ಪಿನೊಳಗೆ ಕೂತ ಲೋಹ ಮತ್ತು ಅದರ ಮರೆ (ಸ್ಕ್ರೂ ಸುತ್ತುಗಳು, ಥ್ರೆಡ್).

ದೀಪ ಹಿಡಿದ ಒಂದು ಸ್ಕ್ರೂ ಬಿಚ್ಚಿ ಅಳೆಯಿರಿ. 1960ರ ಅಮೆರಿಕದ ಮಾಲಿನಲ್ಲಿ ಮೆಟ್ರಿಕ್ ಮರೆ ಇರಬಾರದು. ಕಾಲಿಂಚಿನ ಬೋಲ್ಟಾದರೆ ಸುಲಭ: 6.35 ಮಿ.ಮೀ. ದಪ್ಪ, ಇಂಚಿಗೆ 20 ಸುತ್ತು. ಮೆಟ್ರಿಕ್ಕಿನ ಎಂ6 ಆದರೆ 6 ಮಿ.ಮೀ., ಸುತ್ತಿಗೆ 1 ಮಿ.ಮೀ. ಸಣ್ಣ ಸ್ಕ್ರೂನಲ್ಲಿ ಮೋಸಹೋಗುವವರು ಹೆಚ್ಚು. ಅಮೆರಿಕದ 10-32ರಲ್ಲಿ (10ನೇ ನಂಬರ್, ಇಂಚಿಗೆ 32 ಸುತ್ತು) ಸುತ್ತಿಗೆ 0.79 ಮಿ.ಮೀ., ಎಂ5ರಲ್ಲಿ 0.8. ಸುತ್ತಿನ ಅಂತರ ಅಳೆಯುವ ಪಿಚ್ ಗೇಜಿಗೆ ಎರಡೂ ಒಂದೇ ತರ ಕಾಣುತ್ತವೆ. ವರ್ನಿಯರ್‌ನಲ್ಲಿ ದಪ್ಪ ನೋಡಿ: 4.8ರ ಒಳಗಿದ್ದರೆ 10-32, 4.9 ದಾಟಿದರೆ ಎಂ5. ಸ್ಕ್ರೂ ಒಂದನ್ನೇ ನಂಬಬೇಡಿ, ಅದು ಕೂತಿದ್ದ ತೂತಿನ ಮರೆಯನ್ನೂ ನೋಡಿ. ಎಂ5ನ್ನು 10-32 ತೂತಿಗೆ ಬಲವಂತವಾಗಿ ತಿರುಗಿಸಿದವರು ಬೇಕಾದಷ್ಟಿದ್ದಾರೆ.

ನಕಲಿ ಮೈ ಅಚ್ಚಿನಿಂದ ಅಚ್ಚು ತೆಗೆದದ್ದು, ಹಾಗಾಗಿ ಕೊಂಚ ಚಿಕ್ಕದಿರುತ್ತದೆ ಎಂದು ಕೆಲವರು ಟೇಪು ಹಿಡಿದು ಅಳೆಯುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಕೈಯಲ್ಲಿ ಅಂಟಿಸಿದ ಎರಡು ಅಸಲಿ ಮೈಗಳ ನಡುವೆಯೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ.

---

ಬಸವನಗುಡಿ_ಬ್ರೇಕ್:

ಫೈಬರ್ ಅಂದ್ರೆ ಕಾರ್ ಬಂಪರ್ ತರ ತಾನೇ? ಬಿಟ್ಟಿರೋ ಕಡೆ ಎಂ-ಸೀಲ್ ತುಂಬಿ, ಉಜ್ಜಿ, ಬಣ್ಣ ಹೊಡೀರಿ. ಇಷ್ಟಕ್ಕೆ ಇಷ್ಟೊಂದು ಯಾಕೆ?

---

ಪೀಣ್ಯ_ರೆಸಿನ್:

ಬ್ರೇಕ್ ಸಾರ್, ನೀರಿನ ಪೈಪು ಸೋರೋದಕ್ಕೆ ಎಂ-ಸೀಲ್ ಸರಿ. ಅದರಲ್ಲಿ ಎಳೆ ಇಲ್ಲ, ಬರೀ ಪುಡಿ ತುಂಬಿದ ಪುಟ್ಟಿ. ಈ ಚಿಪ್ಪು ಪ್ರತಿ ಪೆಡಲಿಗೂ ಬಾಗುತ್ತೆ, ಪುಟ್ಟಿ ಬಾಗಲ್ಲ. ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತೆ. ಬಂಪರ್ ಬಹುಪಾಲು ಕರಗೋ ಪ್ಲಾಸ್ಟಿಕ್, ಅದು ಬೇರೆ ಜಾತಿ.

ಹಳೇಪೆಡಲ್ ಅವರೇ, ಜೋಡಣೆ ಬಿಟ್ಟ ತಕ್ಷಣ ಅಂಟು ಸುರಿದು ಕ್ಲ್ಯಾಂಪ್ ಹಾಕೋಕೆ ಹೋಗಬೇಡಿ. ಯಾಕೆ ಬಿಡ್ತು ಅನ್ನೋದು ಮೊದಲು ಗೊತ್ತಾಗಬೇಕು. ಫೈಬರ್‌ಗ್ಲಾಸಿಗೆ ಮರೆ ಹಿಡಿಯಲ್ಲ, ಬೇರಿಂಗ್ ಕೂರಲ್ಲ. ಅದಕ್ಕೇ ಕುತ್ತಿಗೆ, ಪೆಡಲ್ ಆಕ್ಸಲ್, ಸೀಟು, ಹಿಂದಿನ ಚಕ್ರ ಕೂರೋ ಕಡೆ ಉಕ್ಕಿನ ತುಂಡು ಇಟ್ಟು ಸುತ್ತ ಮ್ಯಾಟ್ (ಗಾಜಿನ ಎಳೆಯ ಹಾಸು) ಕಟ್ಟೋದು. ಆ ಉಕ್ಕು ತುಕ್ಕು ಹಿಡಿದರೆ ಉಬ್ಬುತ್ತೆ. ತುಕ್ಕಿಗೆ ಉಕ್ಕಿಗಿಂತ ಕೆಲವು ಪಟ್ಟು ಜಾಗ ಬೇಕು. ಒಳಗಿಂದ ಒತ್ತಿ ಒತ್ತಿ ಜೋಡಣೆ ಬಿಡಿಸುತ್ತೆ. ನೀವು ಹೇಳಿದ ತುಕ್ಕಿನ ಕಲೆ ನೋಡಿದರೆ ನಿಮ್ಮದೂ ಹಾಗೇ ಆಗಿರೋ ಸಾಧ್ಯತೆ ಹೆಚ್ಚು. ತುಕ್ಕು ಬಿಟ್ಟು ಮೇಲೆ ಅಂಟಿಸಿದರೆ ಅಂಟು ಗಟ್ಟಿಯಾಗೇ ಇರುತ್ತೆ, ಪಕ್ಕದ ಚಿಪ್ಪು ಸೀಳುತ್ತೆ.

ಪರೀಕ್ಷೆ ಮಾಡೋ ಕ್ರಮ. ಸೋಪು ನೀರಲ್ಲಿ ತೊಳೀರಿ. ಒಣಗಿದ ಮೇಲೆ ವ್ಯಾಕ್ಸ್ ತೆಗೆಯೋ ದ್ರಾವಣವನ್ನ ಒಂದು ಬಟ್ಟೆಯಲ್ಲಿ ಹಚ್ಚಿ, ಆರೋ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಇದು ಉಜ್ಜೋ ಮುಂಚೆನೇ ಆಗಬೇಕು. ಅರವತ್ತು ವರ್ಷದ ಪಾಲಿಶ್‌ನ ಸಿಲಿಕಾನ್ ಮೇಲಿದ್ದಾಗ ಎಮರಿ ಹಾಕಿದರೆ ಗೀರಿನೊಳಗೆ ಕೂತುಬಿಡುತ್ತೆ, ಆಮೇಲೆ ಬಣ್ಣ ಮೀನಿನ ಕಣ್ಣಿನ ತರ ಗುಂಡಗುಂಡಗೆ ಬಿಟ್ಟುಕೊಳ್ಳುತ್ತೆ.

ನಂತರ ನಾಣ್ಯದಲ್ಲಿ ತಟ್ಟುತ್ತಾ ಹೋಗಿ, ಎರಡು ಸೆಂಟಿಮೀಟರಿಗೊಂದು ಏಟು. ಚೆನ್ನಾಗಿರೋ ಕಡೆ ಟಕ್ ಅಂತ ಚೂಪು ಸದ್ದು, ಪದರ ಬಿಟ್ಟ ಕಡೆ ಬೊದ್ದು ಸದ್ದು. ಬೊದ್ದು ಇರೋದನ್ನ ಮಾಸ್ಕಿಂಗ್ ಟೇಪಿನಲ್ಲಿ ಸುತ್ತು ಹಾಕಿ. ಉಕ್ಕು ಇರೋ ಕಡೆ ಸದ್ದು ಬೇರೆಯಾಗೇ ಬರುತ್ತೆ, ಅದಕ್ಕೆ ಹೆದರಬೇಡಿ. ಅದರ ಅಂಚಿನಲ್ಲಿ ಬೊದ್ದು ಬಂದರೆ ಮಾತ್ರ ಹೆದರಿ. ಹೆಡ್‌ಲೈಟ್ ಬಿಚ್ಚಿದ ತೂತಲ್ಲಿ ಫೋನಿಗೆ ಹಾಕೋ 5.5 ಮಿ.ಮೀ. ಎಂಡೋಸ್ಕೋಪ್ (ತಂತಿ ತುದಿಯ ಕ್ಯಾಮೆರಾ) ತೂರಿಸಿ ಒಳಗೆಲ್ಲ ವಿಡಿಯೋ ಮಾಡಿಕೊಳ್ಳಿ. ಎಲ್ಲೆಲ್ಲಿ ಎಳೆ ಬೆಳ್ಳಗಾಗಿದೆಯೋ ಅಲ್ಲಿ ರೆಸಿನ್ ಬಿಟ್ಟಿದೆ ಅಂತ.

ಕುತ್ತಿಗೆಯ ಕೂದಲೆಳೆ ಬಿರುಕು ಜೆಲ್‌ಕೋಟಿನದೋ (ಎಳೆಯ ಮೇಲಿರೋ ಬಣ್ಣದ ರೆಸಿನ್ ಹೊರಪದರ) ಒಳಪದರದ್ದೋ ನೋಡಬೇಕು. ಒಂದು ಬಿರುಕಿನ ಮೇಲೆ 120 ನಂಬರ್ ಎಮರಿಯಲ್ಲಿ ಬೆರಳಗಲ ಉಜ್ಜಿ. ಜೆಲ್‌ಕೋಟ್ ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತೆ. ಅದು ಸವೆದಾಗ ಗೆರೆ ಮಾಯವಾದರೆ ಮೇಲಿನದಷ್ಟೇ. ಎಳೆ ಕಾಣಿಸಿದ ಮೇಲೂ ಬಿಳಿ ಗೆರೆ ಉಳಿದರೆ ಒಳಗೇ ಮುರಿದಿದೆ. ಗೆರೆಗಳ ಆಕಾರವೂ ಹೇಳುತ್ತೆ: ಒಂದು ಬಿಂದುವಿಂದ ನಕ್ಷತ್ರದ ತರ ಹರಡಿದ್ದರೆ ಏಟು ಬಿದ್ದದ್ದು, ಒಂದರ ಪಕ್ಕ ಒಂದು ಸಾಲಾಗಿದ್ದರೆ ಬಾಗಿ ಬಾಗಿ ಆದದ್ದು. ಕುತ್ತಿಗೆಯಲ್ಲಿ ಸಾಲು ಗೆರೆ ಇದ್ದರೆ ಹೊರಗಡೆ ತುಂಬಿ ಪ್ರಯೋಜನ ಇಲ್ಲ, ಒಳಗಡೆ ಪದರ ಕಟ್ಟಬೇಕು.

ರೆಸಿನ್ ವಿಚಾರ: ಎಪಾಕ್ಸಿ. ಹೊಸದಾಗಿ ಮಾಡುವಾಗ ಪಾಲಿಯೆಸ್ಟರ್ ಸಾಕು. ಆದರೆ ಪೂರ್ತಿ ಗಟ್ಟಿಯಾದ ಹಳೇ ಪಾಲಿಯೆಸ್ಟರಿಗೆ ಹೊಸ ಪಾಲಿಯೆಸ್ಟರ್ ಅಷ್ಟು ಕಚ್ಚಲ್ಲ, ಉಕ್ಕಿಗಂತೂ ಇನ್ನೂ ಕಡಿಮೆ. ಎಪಾಕ್ಸಿ ಎರಡಕ್ಕೂ ಕಚ್ಚುತ್ತೆ, ಕುಗ್ಗೋದೂ ಕಡಿಮೆ. ನಮ್ಮ ಬೆಂಗಳೂರಲ್ಲಾದರೆ ಎಲ್‌ವೈ 556 ರೆಸಿನ್ನಿಗೆ ಎಚ್‌ವೈ 951 ಹಾರ್ಡನರ್ (ಗಟ್ಟಿಯಾಗಿಸೋ ಜೊತೆದ್ರವ), ತೂಕದಲ್ಲಿ 100ಕ್ಕೆ 10. ನಿಮಗೆ ಅಲ್ಲಿ ವೆಸ್ಟ್ ಸಿಸ್ಟಮ್ 105 ಸಿಗುತ್ತೆ, 205 ಹಾರ್ಡನರ್ ಜೊತೆ ಐದಕ್ಕೆ ಒಂದು.

ಮ್ಯಾಟಿನಲ್ಲಿ ಎಲ್ಲರೂ ಎಡವೋದು: ಚಾಪ್ಡ್ ಮ್ಯಾಟ್ ತರಬೇಡಿ. ಅದರ ಎಳೆಗಳನ್ನ ಹಿಡಿದಿರೋ ಅಂಟು ಪಾಲಿಯೆಸ್ಟರಿನ ಸ್ಟೈರೀನ್‌ನಲ್ಲಿ ಕರಗೋ ತರ ಮಾಡಿದ್ದು. ಎಪಾಕ್ಸಿಯಲ್ಲಿ ಕರಗಲ್ಲ, ಮ್ಯಾಟ್ ರಟ್ಟಿನ ತರ ನಿಂತು ಅಂಚಿನಲ್ಲಿ ಗಾಳಿ ಉಳಿಯುತ್ತೆ. ಚದರ ಮೀಟರಿಗೆ 200 ಗ್ರಾಂ ತೂಗೋ ನೇಯ್ದ ಗಾಜಿನ ಬಟ್ಟೆ ತನ್ನಿ.

ಈಗ ಜೋಡಣೆ. ಹ್ಯಾಕ್ಸಾ ಬ್ಲೇಡಿನ ಹಲ್ಲಿನಿಂದ ಹಳೇ ಅಂಟು ಕೆರೆದು ತೆಗೀರಿ. ತೆಳು ಸ್ಟೀಲ್ ಸ್ಕೇಲಿಗೆ 80 ನಂಬರ್ ಎಮರಿ ಅಂಟಿಸಿ ಸಂದಿಗೆ ತೂರಿಸಿ ಎರಡೂ ಮುಖ ಒರಟು ಮಾಡಿ. ವ್ಯಾಕ್ಯೂಮ್ ಮಾಡಿ, ಅಸಿಟೋನಲ್ಲಿ ಒರೆಸಿ. ಬಟ್ಟೆ ಒದ್ದೆ ಇದ್ದರೆ ಸಾಕು, ಸುರೀಬೇಡಿ. ಒಳಗಿನ ತೇವ ಹೋಗೋಕೆ ಫ್ಯಾನಿಟ್ಟು 40 ಡಿಗ್ರಿ ಒಳಗಿನ ಬಿಸಿಯಲ್ಲಿ ಎರಡು ಮೂರು ದಿನ ಬಿಡಿ. ಪಾಲಿಥೀನ್ ಚೂರೊಂದನ್ನ ನಾಲ್ಕೂ ಅಂಚು ಟೇಪ್ ಮಾಡಿ ಅಂಟಿಸಿ, ಮಾರನೇ ದಿನ ಒಳಗೆ ಬೆವರಿದ್ದರೆ ಇನ್ನೂ ಒಣಗಿಲ್ಲ.

ಮೊದಲು ಬರೀ ಎಪಾಕ್ಸಿ ಎರಡೂ ಮುಖಕ್ಕೆ ಸವರಿ. ಆಮೇಲೆ ಅದೇ ಎಪಾಕ್ಸಿಗೆ ಹತ್ತಿಯ ನುಣ್ಣನೆ ನಾರು ಮತ್ತು ಸಿಲಿಕಾ ಪುಡಿ ಹಾಕಿ, ಕಡ್ಡಿಯಲ್ಲಿ ಎತ್ತಿದರೆ ಜಾರದಷ್ಟು ಗಟ್ಟಿ ಮಾಡಿ ತುಂಬಿ. ಸಿಲಿಕಾ ಹಾಕುವಾಗ ಮಾಸ್ಕ್ ಇರಲಿ, ಉಸಿರಾಡಿದರೆ ಹಾರುತ್ತೆ. ಕ್ಲ್ಯಾಂಪ್ ಬೇಡ, ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಪಟ್ಟಿ ಮಾಡಿ ಮೈಸುತ್ತ ಎಳೆದು ಸುತ್ತಿ, ಕೆಳಗೆ ಪಾಲಿಥೀನ್. ಆ ಉಬ್ಬುತಗ್ಗಿನ ಮೈಗೆ ಒಂದೇ ಸಮ ಒತ್ತಡ ಕೊಡೋದು ಟ್ಯೂಬ್ ಮಾತ್ರ. ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಜೋಡಣೆ ಬಡವಾಗುತ್ತೆ. ಅರ್ಧದಿಂದ ಒಂದು ಮಿ.ಮೀ. ಅಂಟು ನಡುವೆ ಉಳೀಬೇಕು.

ಮರುದಿನ ಒಳಮುಖಕ್ಕೆ ಎರಡು ಪಟ್ಟಿ ಬಟ್ಟೆ: ಮೊದಲು 75 ಮಿ.ಮೀ., ಅದರ ಮೇಲೆ 50. ಉದ್ದ 30 ಸೆಂ.ಮೀ., ನೇಯ್ಗೆ ಓರೆಯಾಗಿ ಬರೋ ಹಾಗೆ ಕತ್ತರಿಸಿ. ಸಾಮಾನು ಎಷ್ಟು ಬೇಕು ಅಂದರೆ, ಎರಡು ಪಟ್ಟಿ ಬಟ್ಟೆ 8 ಗ್ರಾಂ ಕೂಡ ತೂಗಲ್ಲ, ರೆಸಿನ್ನೂ ಅಷ್ಟೇ ಹಿಡಿಯುತ್ತೆ. ಸವರೋದು, ತುಂಬೋದು, ಚೆಲ್ಲೋದು ಎಲ್ಲ ಸೇರಿ 60 ಗ್ರಾಂ ಸಾಕು. 30 ಗ್ರಾಂನಂತೆ ಎರಡು ಸಲ ಕಲಸಿ. ಅದಕ್ಕಿಂತ ಕಡಿಮೆ ಕಲಸಿದರೆ ತೂಕದ ಸಣ್ಣ ತಪ್ಪೂ ದೊಡ್ಡದಾಗುತ್ತೆ. 0.1 ಗ್ರಾಂ ತೋರಿಸೋ ತಕ್ಕಡಿ ಬೇಕೇ ಬೇಕು.

ಒಳಗೆ ಕೈ ಹೋಗದಿದ್ದರೆ ಹೊರಗಿಂದ ಓರೆ ಕೆತ್ತಿ ಪದರ ಹಾಕಬೇಕು. ದಪ್ಪಕ್ಕೆ ಹನ್ನೆರಡು ಪಟ್ಟು ಓರೆ, ಅಂದರೆ 3 ಮಿ.ಮೀ. ಚಿಪ್ಪಿಗೆ ಎರಡೂ ಕಡೆ 36 ಮಿ.ಮೀ.ನಂತೆ ಅಸಲಿ ಮೈ ಹೋಗುತ್ತೆ. ಹಾಗಾಗಿ ಅದು ಕೊನೇ ದಾರಿ.

---

ವಸ್ತುಸಂಗ್ರಹ:

ಪೀಣ್ಯದವರು ಹೇಳಿದ ಕ್ರಮ ಸರಿ. ಒಂದು ಕಡೆ ಮಾತ್ರ ನನ್ನ ತಕರಾರಿದೆ: ಕುತ್ತಿಗೆಯ ಬಿರುಕು ಪರೀಕ್ಷಿಸಲು ಬೆರಳಗಲ ಉಜ್ಜುವುದು. ಅಸಲಿ ಎಂದಾದರೆ ಮೇಲ್ಮೈಯೇ ಇದರ ದಾಖಲೆ. ಅದಕ್ಕೆ ಮುಂಚೆ ಒಳಗಿನಿಂದ ಪ್ರಬಲ ಟಾರ್ಚ್ ಹಿಡಿದು ಕತ್ತಲೆಯಲ್ಲಿ ಹೊರಗಿನಿಂದ ನೋಡಿ. ತೆಳು ಬಣ್ಣದ ಜೆಲ್‌ಕೋಟಾದರೆ ಒಳಪದರ ಮುರಿದ ಕಡೆ ಬೆಳಕು ಬೇರೆ ರೀತಿ ಚದುರುತ್ತದೆ. ದಪ್ಪ ಬಣ್ಣದ ಅಡಿಯಲ್ಲಿ ಏನೂ ಕಾಣದಿದ್ದರೆ ಆಗ ಉಜ್ಜಿ, ದೀಪದ ಬಳೆ ಮುಚ್ಚುವ ಜಾಗದ ಬಿರುಕನ್ನೇ ಆರಿಸಿಕೊಳ್ಳಿ.

ಬಣ್ಣದ ವಿಷಯ. ರಾಸಾಯನಿಕ ಪೇಂಟ್ ರಿಮೂವರ್ ಬೇಡವೇ ಬೇಡ. ಡೈಕ್ಲೋರೋಮೀಥೇನ್ ಇರುವವು ಬಣ್ಣದೊಂದಿಗೆ ಪಾಲಿಯೆಸ್ಟರನ್ನೂ ಉಬ್ಬಿಸುತ್ತವೆ. ಅಮೆರಿಕದಲ್ಲಿ ಮನೆಬಳಕೆಗೆ ಅವುಗಳ ಮಾರಾಟ ನಿಂತಿದೆ, ಆದರೂ ಹಳೇ ಡಬ್ಬಿ ಗ್ಯಾರೇಜುಗಳಲ್ಲಿ ಉಳಿದಿರುತ್ತದೆ. ಹೀಟ್ ಗನ್ನೂ ಬೇಡ. ಸಾಮಾನ್ಯ ಪಾಲಿಯೆಸ್ಟರ್ 60-70 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ಇದೇ ಕಾರಣಕ್ಕೆ ಕಪ್ಪು ಬಣ್ಣದವನ್ನು ಬಿಸಿಲಲ್ಲಿ ನಿಲ್ಲಿಸಬಾರದು.

ಸೀಟಿನ ಕೆಳಗೆ ಎರಡು ಸೆಂ.ಮೀ. ಚೌಕ ಗುರುತು ಮಾಡಿ. 400, 600, 800 ನಂಬರಿನ ನೀರೆಮರಿಯಲ್ಲಿ (ನೀರು ಹಾಕಿ ಉಜ್ಜುವ ಎಮರಿ) ಓರೆಯಾಗಿ ತೆಳುವಾಗಿಸುತ್ತ ಹೋಗಿ. ಪದರಗಳು ಒಂದರೊಳಗೊಂದು ಉಂಗುರವಾಗಿ ಕಾಣುತ್ತವೆ. ಕೆಂಪಿನ ಕೆಳಗೆ ಬೂದು ಪ್ರೈಮರ್ ಇದ್ದರೆ ಕೆಂಪು ಆಮೇಲಿನದು. ಅದರ ಅಡಿಯ ಬಣ್ಣ ನೇರ ಎಳೆಯ ಮೇಲೆಯೇ ಕೂತಿದ್ದರೆ ಅಸಲಿ ಮುಖ ಸಿಕ್ಕಿತು. ಅದರ ಪ್ರಕಾರ ಸೈಕಲ್ ಐದು ಬಣ್ಣಗಳಲ್ಲಿ ಯಾವುದೆಂದು ಗೊತ್ತಾಗುತ್ತದೆ. ಪೂರ್ತಿ ತೆಗೆಯುವುದಾದರೆ ಪ್ಲಾಸ್ಟಿಕ್ ಬ್ಲೇಡ್, ಬಾಗಿದ ಕಡೆ ಹೊಸ ರೇಜರ್ ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯುವುದು. ವಾರಗಟ್ಟಲೆಯ ಕೆಲಸ. 1960ರ ದಶಕದ ಬಣ್ಣವಾದರೆ ಸೀಸ ಇರಬಹುದು, ಒಣಗಿದ್ದಾಗ ಕೆರೆಯದೆ ನೀರು ಚಿಮುಕಿಸಿಕೊಳ್ಳಿ, ಕಸ ಬೇರೆ ಚೀಲಕ್ಕೆ ಹಾಕಿ.

ಕೆಳಗಿನದು ಚೆನ್ನಾಗಿದ್ದರೆ ಹೊಸ ಬಣ್ಣ ಬೇಡ. ಸಿಲಿಕಾನ್ ಇಲ್ಲದ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳುವಾಗಿ ಹಚ್ಚಿ ನಿಲ್ಲಿಸಿ. ಎಪಾಕ್ಸಿ ಹಾಕಿದ ಹೊರಭಾಗವಿದ್ದರೆ ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವುದುಂಟು, ಅಲ್ಲಿಗೆ ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಪಿಯು (ಪಾಲಿಯೂರಿಥೇನ್) ಬಣ್ಣವೇ ಸರಿ. ಅದರ ಹಾರ್ಡನರ್‌ನಲ್ಲಿ ಉಸಿರಿಗೆ ಅಪಾಯದ ಐಸೊಸಯನೇಟ್ ಇರುತ್ತದೆ, ಬಟ್ಟೆಯ ಮಾಸ್ಕಿನಲ್ಲಿ ಸ್ಪ್ರೇ ಮಾಡಬಾರದು.

---

ಹುಬ್ಳಿ_ಟು_ಗೋಥೆನ್‌ಬರ್ಗ್:

ನಡುವೆ ಬಾಯಿ ಹಾಕ್ತೀನ್ರಿ, ಯಾಕಂದ್ರ ಇದನ್ನ ಓದಿ ಯಾರರೆ ಇಟೇರಾ ಸೈಕಲ್ಲಿಗೆ ರೆಸಿನ್ ಬಳದಾರು. ಸ್ವೀಡನ್ನಿನ ಇಟೇರಾನೂ ಪ್ಲಾಸ್ಟಿಕ್ ಸೈಕಲ್ಲೇ, ಆದ್ರ ಮಾಡೋ ರೀತಿ ಪೂರಾ ಬ್ಯಾರೆ. ವೋಲ್ವೋದೊಳಗ ಹುಟ್ಟಿದ ಯೋಜನೆ ಅದು. ನಮ್ಮ ಹೊಸಕೋಟಿಯೊಳಗ ಲಾರಿ ಮಾಡತಾರಲ್ಲ, ಅದೇ ವೋಲ್ವೋ. 1982ರಿಂದ ಉತ್ತರದ ವಿಲ್ಹೆಲ್ಮೀನಾ ಊರಾಗ ಮಾಡಿದ್ರು. ಸುಮಾರು 30,000 ಆದ ಮ್ಯಾಲೆ 1985ರ ಹೊತ್ತಿಗೆ ನಿಂತು ಹೋತು. ಡಬ್ಬಿಯೊಳಗ ಬಿಡಿಬಿಡಿಯಾಗಿ ಬರತಿತ್ತು, ಮನ್ಯಾಗ ನಾವೇ ಜೋಡಸಬೇಕಿತ್ತು.

ಅದು ಅಚ್ಚಿನ್ಯಾಗ ಒತ್ತಿ ತುಂಬಿದ, ತುಂಡು ಎಳಿ ಸೇರಿಸಿದ ಪ್ಲಾಸ್ಟಿಕ್ಕು. ಪದರ ಇಲ್ಲ, ಬಟ್ಟಿ ಇಲ್ಲ. ಕೈಯಾಗಿರೋದು ಯಾವುದಂತ ಗೊತ್ತಾಗಲಿಲ್ಲಂದ್ರ, ಕಾಣದ ಜಾಗಾದಾಗ ಸೂಜಿ ಕೆಂಪಗ ಕಾಸಿ ಚುಚ್ಚರಿ. ಸೂಜಿ ಕರಗಿಸಿಕೊಂಡು ಇಳದ್ರ ಇಟೇರಾ ಜಾತಿ. ಇಳೀದ ಸುಟ್ಟು ಕಪ್ಪಾಗಿ ಘಾಟು ಬಂದ್ರ ಪಾಲಿಯೆಸ್ಟರ್. ಇಳಿದದ್ದಕ್ಕ ಎಪಾಕ್ಸಿ ಭಾಳ ಛಲೋ ಹಿಡಿಯಂಗಿಲ್ಲ. ಮುರಿದ ಭಾಗ ಬದಲಿ ಮಾಡೋದೇ ದಾರಿ. ಜೋಡಸದೇ ಉಳಿದ ಡಬ್ಬಿಗಳು ಇಲ್ಲಿ ಆಗೊಮ್ಮೆ ಈಗೊಮ್ಮೆ ಮಾರಾಟಕ್ಕ ಬರತಾವು, ಬಿಡಿಭಾಗಕ್ಕಂತನೇ ಒಂದು ತಗೊಂಡು ಇಟ್ಕೊಳ್ರಿ. ಮುರಿದ ಸೈಕಲ್ ಎರಡು ಕೂಡಿಸಿ ಒಂದು ಮಾಡೋದು ಲೆಕ್ಕಕ್ಕ ಹತ್ತಂಗಿಲ್ಲ, ಎಲ್ಲಾದರಾಗೂ ಮುರಿಯೋದು ಅದೇ ಜಾಗಾ.

---

ಹಳೇಪೆಡಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೀಪದ ಸ್ಕ್ರೂ 4.75 ಮಿ.ಮೀ. ಇದೆ, ಹೊಸದೊಂದು 10-32 ಸ್ಕ್ರೂ ಅದೇ ತೂತಿಗೆ ಬೆರಳಲ್ಲೇ ಸಲೀಸಾಗಿ ಇಳಿಯಿತು. ಸೀಟಿನ ಕೆಳಗೆ ಉಜ್ಜಿದ್ದಕ್ಕೆ ಕೆಂಪು, ಬೂದು, ಆಮೇಲೆ ಹಸಿರು ಬಂತು. ತಟ್ಟಿ ನೋಡಿದರೆ ಪೆಡಲ್ ಆಕ್ಸಲ್ ಕೂರುವ ಉಕ್ಕಿನ ಎಡ ಅಂಚಿನಲ್ಲಿ ಬೊದ್ದು ಸದ್ದು. ಕ್ರ್ಯಾಂಕ್ ಹಿಡಿದು ಅಲುಗಿಸಿದರೆ ಸ್ವಲ್ಪ ಆಡುತ್ತದೆ, ಬೇರಿಂಗೋ ಉಕ್ಕೋ ತಿಳಿಯುತ್ತಿಲ್ಲ.

ಇನ್ನೆರಡು ಪ್ರಶ್ನೆ. ಗ್ಯಾರೇಜಿನಲ್ಲಿ ಈಗ 12 ಡಿಗ್ರಿ, ಎಪಾಕ್ಸಿ ಹಿಡಿಯುತ್ತಾ? ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ, ಸಾಮಾನು ಪೀಣ್ಯದಿಂದಲೇ ತರಬಹುದಾ?

---

ಕಡ್ಡಿಬಿಗಿ:

ಬೂದು ಪ್ರೈಮರ್ ಮೇಲಿನ ಕೆಂಪು ಆಮೇಲಿನದು, ಅಡಿಯ ಹಸಿರು ಆ ಐದು ಬಣ್ಣಗಳಲ್ಲೊಂದು, ಮರೆ ಅಮೆರಿಕದ್ದು. ಅಸಲಿ ಕಡೆಗೇ ವಾಲುತ್ತಿದೆ. ಚಿಪ್ಪಿನೊಳಗಿನ ಉಳಿದ ಮರೆಗಳನ್ನೂ ಅಳೆದುಬಿಟ್ಟರೆ ನಾನು ಒಪ್ಪುತ್ತೇನೆ.

ಆಟ ಬೇರಿಂಗಿನದೋ ಉಕ್ಕಿನದೋ ತಿಳಿಯಲು: ಕ್ರ್ಯಾಂಕ್, ಆಕ್ಸಲ್, ಗುಂಡು ಎಲ್ಲ ತೆಗೆದು ಗುಂಡು ಕೂರುವ ಖಾಲಿ ಕಪ್‌ಗಳನ್ನಷ್ಟೇ ಬಿಡಿ. ಒಳಗೆ ಅಳತೆಗೆ ಕೂರುವ ಮರದ ಗೂಟ ಹಾಕಿ ಹಿಡಿದು ಅಲುಗಿಸಿ. ಉಕ್ಕು ಮತ್ತು ಚಿಪ್ಪು ಸೇರುವ ಗೆರೆಯ ಮೇಲೆ ಬೆರಳ ತುದಿ ಇಟ್ಟಿರಿ. ಕೂದಲಷ್ಟು ಸರಿದರೂ ಬೆರಳಿಗೆ ತಿಳಿಯುತ್ತದೆ. ಗೆರೆಯಿಂದ ಕಂದು ಪುಡಿ ಉದುರುತ್ತಿದ್ದರೆ ಉಕ್ಕು ಬಿಟ್ಟಿದೆ.

ಕಪ್ ತೆಗೆಯಲು ಪಂಚ್ ಇಟ್ಟು ಸುತ್ತಿಗೆಯಲ್ಲಿ ಬಡಿಯುವುದು ಉಕ್ಕಿನ ಫ್ರೇಮಿನ ಅಭ್ಯಾಸ. ಇಲ್ಲಿ ಒಂದೊಂದು ಏಟೂ ಅಂಟಿನ ಮೇಲೆ ಬೀಳುತ್ತದೆ. 12 ಮಿ.ಮೀ. ಮರೆ ರಾಡ್, ಒಂದು ಕಡೆ ಕಪ್ಪಿನ ಹಿಂದೆ ಕೂರುವ ವಾಷರ್, ಇನ್ನೊಂದು ಕಡೆ ಉಕ್ಕಿನ ಬಾಯಿಗೆ ಆತುಕೊಳ್ಳುವ ದಪ್ಪ ಕೊಳವೆ ತುಂಡು, ನಟ್ ತಿರುಗಿಸಿ ಎಳೆಯಿರಿ. ಕೊಳವೆ ಚಿಪ್ಪಿಗೆ ತಾಗಬಾರದು. ಮರೆ ಇರುವ ಕಪ್ಪಾದರೆ ಎಳೆಯಬೇಡಿ, ಸ್ಪ್ಯಾನರ್‌ನಲ್ಲಿ ಬಿಚ್ಚಿ.

ಚಕ್ರದ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. 26 ಇಂಚು ಎಂದು ಬರೆದ ಟೈರಿನಲ್ಲಿ ಒಂದಕ್ಕೊಂದು ಕೂರದ ಮೂರು ಅಳತೆ ಅಮೆರಿಕದಲ್ಲಿ ಸಾಮಾನ್ಯ: 559, 571, 590 ಮಿ.ಮೀ. ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ ಅಳೆದು ಕೊಳ್ಳಿ. ಹಿಂದೆ ಕೋಸ್ಟರ್ ಬ್ರೇಕ್ (ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವುದು) ಇದ್ದರೆ ಅದರ ತೋಳನ್ನು ಹಿಡಿಯುವ ಪಟ್ಟಿ ಬರೀ ಚಿಪ್ಪನ್ನು ಅಪ್ಪಿಕೊಂಡಿರಬಾರದು, ಉಕ್ಕು ಇರುವ ಜಾಗಕ್ಕೆ ಸಿಕ್ಕಿಸಿ. ಬ್ರೇಕ್ ಒತ್ತಿದಾಗ ಹಬ್ಬಿನ ತಿರುಚು ಪೂರ್ತಿ ಅದೊಂದು ಪಟ್ಟಿಯ ಮೇಲೆ ಬರುತ್ತದೆ.

---

ಪೀಣ್ಯ_ರೆಸಿನ್:

ವಿಮಾನದಲ್ಲಿ ಗಾಜಿನ ಬಟ್ಟೆ ಮಾತ್ರ ತಗೊಂಡು ಹೋಗಿ, ಮಡಚದೆ ಸುತ್ತಿ. ರೆಸಿನ್, ಹಾರ್ಡನರ್ ಅಲ್ಲೇ ತಗೊಳ್ಳಿ. ಪಾಲಿಯೆಸ್ಟರ್ ರೆಸಿನ್ ಬೆಂಕಿ ಹಿಡಿಯೋ ದ್ರವ, ಅದನ್ನ ಗಟ್ಟಿಯಾಗಿಸೋ ಕೆಟಲಿಸ್ಟ್ ಎಂಇಕೆಪಿ ಒಂದು ಪೆರಾಕ್ಸೈಡ್, ಬ್ಯಾಗಲ್ಲಿ ಹಾಕೋದೇ ನಿಷಿದ್ಧ. ಅಂದಹಾಗೆ ಯಾರಾದರೂ ಪಾಲಿಯೆಸ್ಟರ್ ಕೆಲಸ ಮಾಡೋರು ಓದ್ತಿದ್ದರೆ: ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಎಂಇಕೆಪಿ ಎರಡನ್ನೂ ನೇರವಾಗಿ ಸೇರಿಸಬೇಡಿ, ಸಿಡಿಯುತ್ತೆ. ಕೋಬಾಲ್ಟನ್ನ ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆ ಎಂಇಕೆಪಿ, ಅದೂ ಶೇ. 1ರಿಂದ 2.

12 ಡಿಗ್ರಿಗೆ 205 ಹಾರ್ಡನರ್ ಹಿಡಿಯುತ್ತೆ, ನಿಧಾನ. ಅದೇ ಕಂಪನಿಯ 206 ತಂದಿದ್ದರೆ 16 ಡಿಗ್ರಿ ಮೇಲೆ ಬೇಕು. ಬೇಗ ಆಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಬೇಡಿ. ಎಪಾಕ್ಸಿಯಲ್ಲಿ ಅದು ಕೆಟಲಿಸ್ಟ್ ಅಲ್ಲ, ರೆಸಿನ್ನಿನ ಜೊತೆ ಅಳತೆಗೆ ತಕ್ಕ ಹಾಗೆ ಸೇರೋ ಇನ್ನೊಂದು ಭಾಗ. ಜಾಸ್ತಿ ಆದದ್ದು ಸೇರದೆ ಉಳಿದು ಮೆತ್ತಗೇ ಇರುತ್ತೆ. ಅದರ ಬದಲು ಸೈಕಲ್ ಸುತ್ತ ಕಂಬಳಿ ಟೆಂಟ್ ಮಾಡಿ, ಆಯಿಲ್ ಹೀಟರ್ ಇಟ್ಟು 25 ಡಿಗ್ರಿ ಇಡೀ ರಾತ್ರಿ ಇರಲಿ. ಉರಿಯೋ ಗ್ಯಾಸ್ ಹೀಟರ್ ಬೇಡ, ಅದರ ಹೊಗೆಯಲ್ಲಿ ನೀರಾವಿ ಇರುತ್ತೆ. ತಣ್ಣಗಿನ ತೇವದಲ್ಲಿ ಹಿಡಿದ ಎಪಾಕ್ಸಿ ಮೇಲೆ ಮೇಣದ ತರ ಜಿಡ್ಡು ಬರುತ್ತೆ. ಮುಂದಿನ ಪದರ ಹಾಕೋ ಮುಂಚೆ, ಉಜ್ಜೋ ಮುಂಚೆ, ಬರೀ ನೀರು ಮತ್ತು ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರಲ್ಲಿ ತೊಳೀರಿ. ಅಸಿಟೋನಲ್ಲಿ ಆ ಜಿಡ್ಡು ಸರಿಯಾಗಿ ಹೋಗಲ್ಲ.

ಪೆಡಲ್ ಉಕ್ಕು ಬಿಟ್ಟಿದ್ದರೆ ನಿಮಗೆ ಒಂದು ಅನುಕೂಲ ಇದೆ, ಜೋಡಣೆ ಬಿಟ್ಟಿರೋದು ಅದರ ಹಿಂದೆನೇ. ಅದನ್ನ ಮುಚ್ಚೋ ಮುಂಚೆ ಅಲ್ಲಿಂದಲೇ ಉಕ್ಕಿನ ಕೆಲಸ ಮುಗಿಸಿ. ಬೊದ್ದು ಸದ್ದು ಬಂದ ಅಂಚಿನಲ್ಲಿ ಸಡಿಲ ಮ್ಯಾಟ್ ಕೆರೆದು ತೆಗೆದು, ಉಕ್ಕಿನ ತುಕ್ಕನ್ನ 60 ನಂಬರಲ್ಲಿ ಹೊಳೆಯೋ ಲೋಹ ಬರೋವರೆಗೆ ಉಜ್ಜಿ, ಒಂದು ಗಂಟೆ ಒಳಗೆ ಎಪಾಕ್ಸಿ ಸವರಿ. ಸವರಿದ ಹಸಿ ಎಪಾಕ್ಸಿ ಮೇಲೇ ಎಮರಿಯಿಂದ ಮತ್ತೊಮ್ಮೆ ಉಜ್ಜಿ. ಗಾಳಿ ತಾಗದೆ ಹೊಸ ಲೋಹ ಸಿಗುತ್ತೆ, ಅಂಟು ಅದಕ್ಕೇ ಹಿಡಿಯುತ್ತೆ. ಆಮೇಲೆ ಗಟ್ಟಿ ಎಪಾಕ್ಸಿ, ಅದರ ಮೇಲೆ ಉಕ್ಕಿನಿಂದ ಚಿಪ್ಪಿಗೆ ಹತ್ತೋ ಹಾಗೆ ಮೂರು ಪದರ ಬಟ್ಟೆ, ಒಂದಕ್ಕಿಂತ ಒಂದು 15 ಮಿ.ಮೀ. ಚಿಕ್ಕದು. ಎರಡು ಮಿಲಿಮೀಟರ್ ತೂತು ಕೊರೆದು ಸಿರಿಂಜಲ್ಲಿ ಎಪಾಕ್ಸಿ ತುಂಬೋ ವಿಡಿಯೋಗಳಿವೆ, ಒಳಗೆ ತುಕ್ಕು ಇರುವಾಗ ಅದು ತುಕ್ಕಿಗೆ ಅಂಟಿಸಿದ ಹಾಗೆ. ಕಾರ್ಬನ್ ಫೈಬರ್ ಮಾತ್ರ ಸೇರಿಸಬೇಡಿ, ಗಾಜು ವಿದ್ಯುತ್ ಹರಿಸಲ್ಲ, ಕಾರ್ಬನ್ ಹರಿಸುತ್ತೆ, ತೇವ ಸಿಕ್ಕರೆ ಪಕ್ಕದ ಉಕ್ಕಿಗೆ ಇನ್ನೂ ಬೇಗ ತುಕ್ಕು ಹಿಡಿಯುತ್ತೆ.

---

ವಸ್ತುಸಂಗ್ರಹ:

ಓಡಿಸುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಹೊಸದಿದ್ದಾಗಲೇ ಇದರ ಚಿಪ್ಪು ನಾಜೂಕು ಎಂದು ಹೆಸರಾಗಿತ್ತು. ಈ ದುರಸ್ತಿಯ ನಂತರ ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ, ಸೀಟಿನಿಂದ ಏಳದೆ, ನೂರಿನ್ನೂರು ಮೀಟರ್ ಓಡಿಸಿ ಫೋಟೊ ತೆಗೆಸಿಕೊಳ್ಳಬಹುದು. ನಿಂತು ಪೆಡಲ್ ತುಳಿಯುವುದು, ಹಂಪ್ ಹಾರಿಸುವುದು ಬೇಡ. ಪ್ರತಿ ಸಲವೂ ನಂತರ ಕುತ್ತಿಗೆಯ ಬಿರುಕಿನ ತುದಿಗೆ ಪೆನ್ಸಿಲ್ ಗುರುತು ಮತ್ತು ತಾರೀಖು ಹಾಕಿ. ತುದಿ ಗುರುತು ದಾಟಿದರೆ ಮುಂದೆ ಓಡಿಸುವಂತಿಲ್ಲ. ನಿಲ್ಲಿಸುವಾಗ ಗೋಡೆಗೆ ಒರಗಿಸದೆ ಎರಡೂ ಆಕ್ಸಲ್ ಕೆಳಗೆ ಆಧಾರ ಕೊಡಿ. ರಿಪೇರಿ ಸ್ಟ್ಯಾಂಡಿನ ದವಡೆಯಲ್ಲಿ ಮೈಯನ್ನು ಕಚ್ಚಿಸಬೇಡಿ, ಸೀಟ್ ಪೋಸ್ಟಿಗೆ ಮಾತ್ರ ಹಾಕಿ.

ಕಾಣೆಯಾದ ಕೆಂಪು ಮುಚ್ಚಳಕ್ಕೆ: ಉಳಿದ ಇನ್ನೊಂದನ್ನು ಬಿಚ್ಚಿ ಸಿಲಿಕಾನ್ ರಬ್ಬರಿನಲ್ಲಿ ಎರಡು ತುಂಡಿನ ಅಚ್ಚು ತೆಗೆದು, ತಿಳಿ ಪಾಲಿಯೂರಿಥೇನ್‌ಗೆ ಕೆಂಪು ಪಾರದರ್ಶಕ ಬಣ್ಣ ಬೆರೆಸಿ ಎರೆಯಿರಿ. ಮೊದಲು ಅದೇ ಮುಚ್ಚಳವನ್ನು ಕಾಣೆಯಾದ ಕಡೆ ಹಿಡಿದು ನೋಡಿ, ಎಡ ಬಲ ತಿರುಗುಮುರುಗಾಗಿದ್ದರೆ ಈ ಅಚ್ಚು ಉಪಯೋಗಕ್ಕೆ ಬಾರದು. ಹೊಸದರ ಒಳಮುಖದಲ್ಲಿ ತಯಾರಿಸಿದ ವರ್ಷ ಕೆತ್ತಿ, ಮುಂದೆ ಕೊಳ್ಳುವವರಿಗೆ ಗೊಂದಲವಾಗಬಾರದು. ಒಳಗೆ ಹಳೇ ಬ್ಯಾಟರಿ ಉಳಿದು ಸೋರಿದ್ದರೆ ಯಾವ ಜಾತಿಯದೆಂದು ನೋಡಿ. 1960ರ ಜಿಂಕ್-ಕಾರ್ಬನ್ ಆದರೆ ಸೋರಿದ್ದು ಆಮ್ಲೀಯ, ಅಡುಗೆ ಸೋಡಾ ನೀರಿನಲ್ಲಿ ಒರೆಸಿ. ಆಮೇಲೆ ಯಾರೋ ಹಾಕಿದ ಆಲ್ಕಲೈನ್ ಆದರೆ ವಿನಿಗರ್‌ನಲ್ಲಿ. ಎರಡರಲ್ಲೂ ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿ, ಒಣಗಿದ ಮೇಲೆಯೇ ತಂತಿ ಮುಟ್ಟಿ.